ತೆಂಗಿನ ಸೀಮೆಯಲ್ಲಿ ಮಣೆಯಾಟವೂ ಮದ್ಯಪಾನವೂ: ಮೂರು ತಲೆಮಾರುಗಳ ಮನೋಭಾವ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಮೂಲೆಶಂಕರೇಶ್ವರ ಮೊದಲಾದ ದೇವಾಲಯಗಳ ಮೂಲಕ ಈ ಸೀಮೆಯು ಇತಿಹಾಸಾಭ್ಯಾಸಿಗಳಿಗೆ ಪರಿಚಿತವೇ ಆಗಿದೆ. ಇಲ್ಲಿಯ ಕೊಬ್ಬರಿ ವ್ಯಾಪಾರವನ್ನು ಕುರಿತೂ ಸಾಕಷ್ಟು ಬರೆಯಲಾಗಿದೆ. ಆದರೆ ಆ ದೇವಾಲಯದ ಜಗಲಿಯ ಮೇಲೆ ಸಂಜೆ ಕುಳಿತವರು ಏನು ಆಡುತ್ತಿದ್ದರು, ಕೊಬ್ಬರಿ ಮಾರಿ ಬಂದ ಹಣದಲ್ಲಿ ಏನು ಕುಡಿಯುತ್ತಿದ್ದರು, ಮನೆಯವರು ಇವೆರಡನ್ನೂ ಹೇಗೆ ಕಾಣುತ್ತಿದ್ದರು ಎಂಬ ಪ್ರಶ್ನೆಗಳನ್ನು ನಮ್ಮ ಇತಿಹಾಸ ಗ್ರಂಥಗಳು ಎತ್ತುವುದೇ ಇಲ್ಲ. ಅವು ಕ್ಷುಲ್ಲಕವಾದ ಪ್ರಶ್ನೆಗಳೆಂದು ನಮಗೆ ತೋರುವುದಿಲ್ಲ. ತಂದೆಗೂ ಮಗನಿಗೂ ಮಾತು ಮುರಿಯುವುದು, ತೋಟವು ಅಡವಾಗುವುದು, ಕೂಡಿದ ಸಂಬಂಧ ತಪ್ಪಿಹೋಗುವುದು ಅನೇಕ ವೇಳೆ ಈ ಎರಡು ವಿಷಯಗಳಲ್ಲಿಯೇ.

ಈ ವಿಚಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯವೊಂದಿದೆ. ಹಿಂದಿನವರು ಕಟ್ಟುನಿಟ್ಟಿನವರು, ಆಟಕ್ಕೂ ಕುಡಿತಕ್ಕೂ ದೂರವಿದ್ದವರು. ಇಂದಿನವರು ಸಡಿಲವಾದವರು ಎಂಬುದೇ ಆ ಅಭಿಪ್ರಾಯ. ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಇದನ್ನು ಸಿದ್ಧಾಂತವೆಂಬಂತೆ ಬರೆಯುವುದನ್ನು ನಾವು ಬಹಳ ಸಲ ಕಂಡಿದ್ದೇವೆ. ದೊರೆಯುವ ಆಧಾರಗಳನ್ನು ನೋಡಿದರೆ ಇದು ನಿಲ್ಲುವ ಮಾತಲ್ಲ. ತಲೆಮಾರಿನಿಂದ ತಲೆಮಾರಿಗೆ ಬದಲಾದುದು ಕಟ್ಟಿನ ಬಿಗಿಯಲ್ಲ, ಕಟ್ಟು ಹಾಕಿದ ಜಾಗ. ಹಳಬರು ಗೆರೆ ಎಳೆದದ್ದು ಸ್ಥಳ ಮತ್ತು ದಿನಗಳ ನಡುವೆ. ಅವರ ಮಕ್ಕಳು ಎಳೆದದ್ದು ಒಳ್ಳೆಯ ವಸ್ತು ಮತ್ತು ಕೆಟ್ಟ ವಸ್ತುಗಳ ನಡುವೆ. ಮೊಮ್ಮಕ್ಕಳು ಎಳೆಯುತ್ತಿರುವ ಗೆರೆ ಇನ್ನೆಲ್ಲೋ ಇದೆ. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಆಟಗಳ ಪರಿಚಯವನ್ನು ಮಾಡಿಕೊಳ್ಳುವುದು ಲೇಸು. ಏಕೆಂದರೆ ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಇವುಗಳ ಹೆಸರನ್ನಷ್ಟೇ ಬಲ್ಲರು. ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿದ್ದುದು ಚೌಕಾಬಾರ. ಸಾಮಾನ್ಯವಾಗಿ ಐದು ಸಾಲಿಗೆ ಐದರಂತೆ ಇಪ್ಪತ್ತೈದು ಮನೆಗಳನ್ನು ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಬರೆದು, ನಾಲ್ಕು ಕವಡೆಗಳನ್ನು ಹಾಕಿ ಆಡುತ್ತಾರೆ. ಕವಡೆ ಇಲ್ಲದವರು ಹುಣಿಸೆ ಬೀಜವನ್ನು ಕಲ್ಲಿಗೆ ತೇಯ್ದು ಒಂದು ಮೈಯನ್ನು ಬೆಳ್ಳಗೆ ಮಾಡಿಕೊಳ್ಳುವುದುಂಟು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಇವೆರಡಕ್ಕೂ ಮರು ಆಟವುಂಟು. ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆಯನ್ನು ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಇದಲ್ಲದೆ, ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳಿರುವ ಮರದ ಅಳಗುಳಿಮಣೆ ಹೆಂಗಸರ ಆಟವೆಂದು ಪ್ರಸಿದ್ಧ. ದನ ಮೇಯಿಸುವ ಹುಡುಗರು ಬಂಡೆಯ ಮೇಲೆ ಹುಲಿ-ಕುರಿಯ ಆಟದ ಗೆರೆಗಳನ್ನು ಕೊರೆದುಕೊಳ್ಳುತ್ತಿದ್ದರು. ಪಗಡೆಯು ಸ್ವಲ್ಪ ಅನುಕೂಲವಂತರ ಮನೆಯದು. ಇಸ್ಪೀಟು ಇವೆಲ್ಲಕ್ಕಿಂತ ಈಚಿನದು, ಹೊರಗಿನಿಂದ ಬಂದದ್ದು. ಎಲೆಗಳ ಒಂದು ಜಾತಿಗೆ ಮಾತ್ರ ಇದ್ದ ಹೆಸರು ನಮ್ಮಲ್ಲಿ ಇಡೀ ಆಟಕ್ಕೇ ಹೆಸರಾಯಿತು.

ಈ ಆಟಗಳನ್ನು ಯಾವಾಗ ಆಡುತ್ತಿದ್ದರು ಎಂಬುದು ನಮ್ಮ ಚರ್ಚೆಗೆ ಬಹುಮುಖ್ಯವಾದುದು. ವರ್ಷದಲ್ಲಿ ಎರಡು ಸಂದರ್ಭಗಳನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸಬೇಕು. ಮೊದಲನೆಯದು ಮಾಘ ಬಹುಳ ಚತುರ್ದಶಿಯ ಶಿವರಾತ್ರಿ. ಆ ರಾತ್ರಿಯ ಜಾಗರಣೆಗೆ ನಿದ್ದೆ ಬಾರದಂತೆ ಪಗಡೆ, ಚೌಕಾಬಾರಗಳನ್ನು ಆಡುವುದು ಇಲ್ಲಿಯ ರೂಢಿ. ಉಪವಾಸವಿರುವ ಹೆಂಗಸರು, ಗಂಡಸರು, ಮಕ್ಕಳು ಒಂದೇ ಮಣೆಯ ಸುತ್ತ ಕೂರುತ್ತಾರೆ. ಶಿವಪಾರ್ವತಿಯರೇ ಪಗಡೆಯಾಡಿದರೆಂಬ ಪುರಾಣದ ಬೆಂಬಲ ಇದಕ್ಕಿದೆ; ಎಲ್ಲೋರದ ಗುಹೆಗಳಲ್ಲಿ ಆ ದೃಶ್ಯವನ್ನು ಕಲ್ಲಿನಲ್ಲಿ ಕಾಣಬಹುದು. ಅಲ್ಲಿ ಮದ್ಯದ ಸುಳಿವೂ ಇಲ್ಲ. ಎರಡನೆಯದು ಇದಾಗಿ ಸುಮಾರು ಒಂದು ತಿಂಗಳಿಗೆ, ಯುಗಾದಿಯ ಮರುದಿನ ಬರುವ ವರ್ಷತೊಡಕು. ಇದನ್ನೇ ಹೊಸತೊಡಕು ಎಂದೂ ಕರೆಯುತ್ತಾರೆ. ಅಂದು ಮಾಂಸಾಹಾರಿಗಳ ಮನೆಗಳಲ್ಲಿ ಬಾಡೂಟ. ಊರ ಗಂಡಸರು ತೋಪಿನಲ್ಲಿ, ಮರದ ನೆರಳಿನಲ್ಲಿ ಗುಂಪುಗೂಡಿ ಹಣವಿಟ್ಟು ಇಸ್ಪೀಟು ಆಡುತ್ತಾರೆ. ಹೆಂಡವೋ ಸಾರಾಯವೋ ಜೊತೆಗಿರುತ್ತದೆ. ಅಂದು ಮಾಡಿದ ಕೆಲಸವೇ ವರ್ಷವೆಲ್ಲ ಕೈಹಿಡಿಯುತ್ತದೆಂಬ ನಂಬಿಕೆಯೂ ಇದೆ. ಆ ದಿನ ಕೈಗೆ ದುಡ್ಡು ಬಂದರೆ ಶುಭವೆಂದು ಹಿರಿಯರೇ ಒಂದು ಕೈ ಆಡಿ ಎದ್ದುಬರುವುದುಂಟು.

ಈ ಎರಡು ಸಂದರ್ಭಗಳನ್ನು ಒತ್ತಟ್ಟಿಗಿಟ್ಟು ನೋಡಿದಾಗ ಹಳೆಯ ತಲೆಮಾರಿನ ಮನೋಭಾವ ಸ್ಪಷ್ಟವಾಗುತ್ತದೆ. ಆಟವು ಮನೆಯೊಳಗೆ ಅಥವಾ ಜಗಲಿಯ ಮೇಲೆ ನಡೆದರೆ ಅದಕ್ಕೆ ಪಣವಿಲ್ಲ, ಪಾನವಿಲ್ಲ, ಹೆಂಗಸರು ಮಕ್ಕಳಿಗೆ ತಡೆಯಿಲ್ಲ. ಪಣವೂ ಪಾನವೂ ಕೂಡಿದ ಆಟಕ್ಕೆ ಜಾಗ ಊರ ಹೊರಗೆ, ದಿನ ವರ್ಷಕ್ಕೊಂದು. ಒಬ್ಬನೇ ಮನುಷ್ಯ ಎರಡೂ ಕಡೆ ಇರುತ್ತಿದ್ದನೆಂಬುದನ್ನು ಮರೆಯಬಾರದು. ತೋಪಿನಲ್ಲಿ ಇಸ್ಪೀಟಾಡಿದವನನ್ನು ದೂರದ ಮನೆತನ, ಜಗಲಿಯ ಮೇಲೆ ಎಲೆ ಬಿಚ್ಚಿದವನನ್ನು ಕ್ಷಮಿಸುತ್ತಿರಲಿಲ್ಲ. ವೀರಶೈವರ ಮನೆಗಳಲ್ಲಿ ಮಾಂಸಮದ್ಯಗಳ ತೊಡಕು ಇಲ್ಲವಾದರೂ ಶಿವರಾತ್ರಿಯ ಪಗಡೆ ಇತ್ತು. ಆದಕಾರಣ ಈ ವಿಂಗಡಣೆಯನ್ನು ಎಲ್ಲ ಜಾತಿಗಳಿಗೂ ಒಂದೇ ತೆರನಾಗಿ ಅನ್ವಯಿಸುವುದು ತಪ್ಪಾಗುತ್ತದೆ. ಆದರೂ ಜಗಲಿಯ ನಿಯಮ ಮಾತ್ರ ಹೆಚ್ಚುಕಡಮೆ ಎಲ್ಲರದೂ ಆಗಿತ್ತೆಂದು ಹೇಳಲಡ್ಡಿಯಿಲ್ಲ.

ಇಂತಹ ವಿಂಗಡಣೆ ಕನ್ನಡನಾಡಿನಲ್ಲಿ ಹೊಸದಲ್ಲ. ಕ್ರಿ.ಶ. ೯೪೧ರ ಸುಮಾರಿನಲ್ಲಿ ರಚಿತವಾದ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಎರಡು ಬಗೆಯ ಜೂಜನ್ನು ಕಾಣುತ್ತೇವೆ. ಒಂದು, ರಾಜ್ಯವನ್ನು ನುಂಗಿದ ಸಭೆಯ ಜೂಜು. ಇನ್ನೊಂದು, ಅಂತಃಪುರದಲ್ಲಿ ಭಾನುಮತಿಯೂ ಕರ್ಣನೂ ಆಡಿದ ನೆತ್ತ. ಸೋತ ಪಣಕ್ಕಾಗಿ ಕರ್ಣನು ಕೈಹಾಕಿದಾಗ ಹಾರ ಹರಿದು ಮುತ್ತುಗಳು ಚೆಲ್ಲಿದರೂ ದುರ್ಯೋಧನನು ಸಂದೇಹಪಡದೆ ಹೋದುದನ್ನು ಕವಿಯು ಸ್ನೇಹದ ಪರಾಕಾಷ್ಠೆಯೆಂದು ಚಿತ್ರಿಸಿದ್ದಾನೆ. ಅದೇ ಕಾವ್ಯದಲ್ಲಿ ಪಾನಗೋಷ್ಠಿಯ ವರ್ಣನೆಯೂ ಇದೆ. ಅದು ವೇಶ್ಯಾವಾಟಿಯಲ್ಲಿದೆ, ಅಂತಃಪುರದಲ್ಲಿ ಅಲ್ಲ. ಎರಡು ಶತಮಾನಗಳ ತರುವಾಯ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಇಪ್ಪತ್ತು ಕ್ರೀಡೆಗಳನ್ನು ಹೇಳುವಾಗ ಚತುರಂಗ, ಪಾಶಕ, ವರಾಟಕಗಳೊಡನೆ ಮದಿರಾಪಾನವನ್ನೂ ಒಂದು ಕ್ರೀಡೆಯೆಂದೇ ಗಣಿಸಿದ್ದಾನೆ. ಕುಡಿತವೂ ಕವಡೆಯೂ ಒಂದೇ ಪ್ರಕರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ; ಆದರೆ ಪ್ರತಿಯೊಂದಕ್ಕೂ ತನ್ನದೇ ವಿಧಿಯಿದೆ. ಅರಸನ ವಿನೋದಗಳ ಗ್ರಂಥವನ್ನು ಒಕ್ಕಲಿಗನ ಬದುಕಿಗೆ ನೇರವಾಗಿ ಹೊಂದಿಸುವುದು ಸಲ್ಲದು. ಆದರೂ ನಮ್ಮವರು ಈ ಎರಡನ್ನೂ ಪಾಪದ ಹೆಸರಿನಲ್ಲಿ ಮಾತ್ರ ಎಣಿಸಿದರೆಂಬ ಮಾತನ್ನು ತಳ್ಳಿಹಾಕಲು ಇಷ್ಟು ಸಾಕು.

ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ನಿಂದಿಸಿದ ಪರಂಪರೆಯೂ ಇತ್ತೆನ್ನುವುದು ನಿಜ. ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜು ಮದ್ಯಗಳೆರಡೂ ಇವೆ. ಹೆಂಡ ಮಾರುತ್ತಿದ್ದ ಮಾರಯ್ಯನೇ ಹನ್ನೆರಡನೆಯ ಶತಮಾನದಲ್ಲಿ ಶರಣನಾಗಿ ವಚನಗಳನ್ನು ಬರೆದನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಬಹು ವ್ಯಾವಹಾರಿಕವಾದುದು. ಅದರಲ್ಲಿ ಸುರಾಧ್ಯಕ್ಷನೂ ಉಂಟು, ದ್ಯೂತಾಧ್ಯಕ್ಷನೂ ಉಂಟು. ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟು ರಾಜನ ಬೊಕ್ಕಸಕ್ಕೆ ಸಲ್ಲಬೇಕು. ಜೂಜು ಒಳಜಗಳಕ್ಕೆ ಕಾರಣವಾಗುತ್ತದೆಂಬ ಎಚ್ಚರವೂ ಅದರಲ್ಲಿದೆ. ಎರಡನ್ನೂ ಸಮನಾಗಿ ಕಂಡು ಎರಡರಿಂದಲೂ ಸುಂಕ ಪಡೆಯುವ ಈ ದೃಷ್ಟಿಯನ್ನು ನಮ್ಮ ಕಾಲದ ಸರ್ಕಾರಗಳು ಅನುಸರಿಸಲಿಲ್ಲ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಈಗ ಕುಡಿತದ ವಿಚಾರ. ತೆಂಗಿನ ಸೀಮೆ ಎಂದ ಮಾತ್ರಕ್ಕೆ ಇಲ್ಲಿಯ ಹೆಂಡ ತೆಂಗಿನದೆಂದು ಹೊರಗಿನವರು ಭಾವಿಸುವುದುಂಟು. ಇದು ಸರಿಯಲ್ಲ. ಕರಾವಳಿಯಲ್ಲಿ ತೆಂಗು ತಾಳೆಗಳಿಂದ ಹೆಂಡ ಇಳಿಸುತ್ತಾರೆ. ಇಲ್ಲಿ ಇಳಿಸುತ್ತಿದ್ದುದು ಕೆರೆಯಂಗಳ, ಹಳ್ಳ, ಬೀಳುಗಳಲ್ಲಿ ತಾನಾಗಿ ಬೆಳೆದ ಈಚಲ ಮರದಿಂದ. ಕಾರಣ ಆರ್ಥಿಕವಾದುದು. ತೆಂಗಿನ ಹೆಂಡಕ್ಕೆ ಹೊಂಬಾಳೆಯನ್ನು ಕಟ್ಟಿ ಕೊಯ್ಯಬೇಕು. ಕೊಯ್ದ ಹೊಂಬಾಳೆಯಲ್ಲಿ ಕಾಯಿ ಕಟ್ಟುವುದಿಲ್ಲ. ತಿಪಟೂರಿನ ಸೀಮೆಯ ಬಾಳು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಒಟ್ಟಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದ ಹತ್ತಿರ, ಕಾಯಬೇಕು. ೧೮೦೦ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಸುತ್ತಲಿನ ತೋಟಗಳನ್ನು ಗಮನಿಸಿ ಬರೆದಿದ್ದಾನೆ. ೧೮೮೦ರ ದಶಕದಲ್ಲಿ ರೈಲುದಾರಿ ಬಂದ ತರುವಾಯ ತಿಪಟೂರು ಕೊಬ್ಬರಿಯ ದೊಡ್ಡ ಪೇಟೆಯಾಯಿತು. ಅಟ್ಟದಲ್ಲಿ ಹಣ ಒಣಗುತ್ತಿರುವಾಗ ಆ ಮರದ ಹೊಂಬಾಳೆಗೆ ಕತ್ತಿಯಿಕ್ಕುವವನಾರು? ತೆಂಗು ಮನೆಯ ಮರ, ಈಚಲು ಊರಾಚೆಯ ಮರ ಎಂಬ ಭಾವನೆ ಹೀಗೆ ಬಲಿಯಿತೆಂದು ನಾವು ತಿಳಿಯುತ್ತೇವೆ. ಜಗಲಿಯ ಆಟಕ್ಕೂ ತೋಪಿನ ಆಟಕ್ಕೂ ಇದ್ದ ಅಂತರವೇ ಈ ಎರಡು ಮರಗಳಿಗೂ ಇತ್ತು.

ಹಳೆಯ ತಲೆಮಾರನ್ನು ಇಷ್ಟರಿಂದಲೇ ಹೊಗಳಿಬಿಡುವುದು ಅವಿವೇಕ. ಇಂದಿಗೆ ಉಳಿದಿರುವ ಹಿರಿಯರು ತಮ್ಮ ಅಜ್ಜಂದಿರ ಕಾಲವನ್ನು ನೆನೆಯುವಾಗ ‘ವರ್ಷಕ್ಕೊಂದು ದಿನ’ ಎಂದೇ ಹೇಳುತ್ತಾರೆ. ಆದರೆ ಗುತ್ತಿಗೆದಾರನ ಹೆಂಡದಂಗಡಿ ವರ್ಷವೆಲ್ಲ ತೆರೆದಿರುತ್ತಿತ್ತು. ಒಂದು ದಿನದ ಗಿರಾಕಿಯನ್ನು ನಂಬಿ ಯಾರೂ ಹರಾಜಿನಲ್ಲಿ ಅಂಗಡಿ ಹಿಡಿಯುವುದಿಲ್ಲ. ಕೂಲಿಯವರಿಗೆ, ಊರಾಚೆ ಇರಬೇಕಾಗಿದ್ದ ಜಾತಿಗಳಿಗೆ ಈಚಲ ಹೆಂಡ ದಿನದ ದಣಿವಿಗೆ ಮದ್ದಾಗಿತ್ತು, ಹಸಿವಿಗೂ ಆಗುತ್ತಿತ್ತು. ಈಡಿಗರಿಗೆ ಅದು ಕುಲಕಸುಬು. ‘ಊರ ಹೊರಗೆ’ ಎಂಬ ನಿಯಮವು ಊರೊಳಗಿನವರು ಮಾಡಿಕೊಂಡದ್ದು. ಊರ ಹೊರಗೇ ಬದುಕಿದವರ ಮನೆಯಂಗಳದಲ್ಲಿ ಆ ಗೆರೆಗೆ ಅರ್ಥವಿರಲಿಲ್ಲ.

ಎರಡನೆಯ ತಲೆಮಾರು ಎಂದು ನಾವು ಕರೆಯುವುದು ಸ್ವಾತಂತ್ರ್ಯ ಚಳವಳಿಯ ಗಾಳಿಯಲ್ಲಿ ಬೆಳೆದವರನ್ನು, ಅವರ ಕೈಕೆಳಗೆ ಓದಿದವರನ್ನು. ಮೈಸೂರು ಸೀಮೆಯಲ್ಲಿ ಪಾನನಿಷೇಧದ ಯತ್ನ ಇದಕ್ಕಿಂತ ಹಳೆಯದು. ೧೭೮೭ರಲ್ಲಿ ಟಿಪ್ಪು ಸುಲ್ತಾನನು ಮೀರ್ ಸಾದಿಕನಿಗೆ ಬರೆದ ಪತ್ರದಲ್ಲಿ ಅದರ ಪ್ರಸ್ತಾಪವಿದೆ. ಆದರೆ ಅದು ಅರಸನ ಆಜ್ಞೆ. ಜನರೇ ಕೊಡಲಿ ಹಿಡಿದದ್ದು ೧೯೩೯ರಲ್ಲಿ. ಹಿಂದಿನ ವರ್ಷದ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೇ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹವು ನಡೆಯಿತು. ಎಸ್. ನಿಜಲಿಂಗಪ್ಪನವರು ಅದರಲ್ಲಿ ಭಾಗವಹಿಸಿ ಸೆರೆಮನೆಗೆ ಹೋದರು. ಸರ್ಕಾರದ ಅಬಕಾರಿ ಹುಟ್ಟುವಳಿಗೆ ಪೆಟ್ಟು ಕೊಡುವುದು ಒಂದು ಉದ್ದೇಶ. ಹಳ್ಳಿಯನ್ನು ಕುಡಿತದಿಂದ ಬಿಡಿಸುವುದು ಇನ್ನೊಂದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಿಂದ ಆಚೆಗೆ ಚಿತ್ರದುರ್ಗದ ಸೀಮೆ ದೂರವೇನಲ್ಲ. ಈಚಲ ಮರ ಪಾಪದ ಮರವೆಂಬ ಮಾತು ಈ ಕಡೆಯ ಹಳ್ಳಿಗಳಿಗೂ ತಲುಪಿತು.

ಇಲ್ಲಿ ನಡೆದುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಮೊದಲು ಕೆಟ್ಟದ್ದೆನಿಸಿದ್ದುದು ತಪ್ಪಾದ ಜಾಗದಲ್ಲಿ, ತಪ್ಪಾದ ದಿನದಲ್ಲಿ ನಡೆದ ಕುಡಿತ. ಈಗ ಮರವೇ ಕೆಟ್ಟದ್ದಾಯಿತು. ಈ ವಿಚಾರಸರಣಿ ಮರಕ್ಕೆ ನಿಲ್ಲಲಿಲ್ಲ. ಶಾಲೆಯ ಉಪಾಧ್ಯಾಯರು, ಸುಧಾರಕರು, ಹರಿಕಥೆಯವರು ಧರ್ಮರಾಯನ ಸೋಲನ್ನೂ ನಳನ ಪಾಡನ್ನೂ ಹೇಳುತ್ತ ಹೆಂಡ, ಇಸ್ಪೀಟು, ಬೀಡಿ, ಚೌಕಾಬಾರಗಳನ್ನು ‘ದುಶ್ಚಟ’ವೆಂಬ ಒಂದೇ ಮಾತಿನೊಳಕ್ಕೆ ತುಂಬಿದರು. ಓದುವ ಹುಡುಗನು ಕವಡೆ ಮುಟ್ಟಿದರೆ ಕೆಟ್ಟನೆಂಬುದು ಗಾದೆಯಂತಾಯಿತು. ಶಾಲೆಯ ಜಗಲಿಯ ಮೇಲೆ ಬರೆದ ಚೌಕವನ್ನು ಉಪಾಧ್ಯಾಯರು ಕಾಲಿನಿಂದ ಒರೆಸುವುದು ಆ ಕಾಲದಲ್ಲಿ ಓದಿದ ಅನೇಕರಿಗೆ ನೆನಪಿರುವ ಸಂಗತಿ. ಪಣವಿಲ್ಲದ ಆಟಕ್ಕೂ ಪಣದ ಆಟಕ್ಕೂ ಹಳಬರು ಕಂಡಿದ್ದ ಭೇದವನ್ನು ಈ ವಿದ್ಯಾವಂತ ತಲೆಮಾರು ಕಾಣದೆಹೋಯಿತು. ಇಂದು ನಾವು ‘ನಮ್ಮ ಸಂಪ್ರದಾಯದ ಕಟ್ಟುನಿಟ್ಟು’ ಎಂದು ಕರೆಯುವುದು ವಾಸ್ತವವಾಗಿ ಈ ತಲೆಮಾರಿನ ಸೃಷ್ಟಿ. ಅದಕ್ಕೆ ನೂರು ವರ್ಷಗಳ ಪ್ರಾಯವೂ ಪೂರ್ತಿಯಾಗಿ ತುಂಬಿಲ್ಲ.

ಈ ಸುಧಾರಣೆಯಿಂದ ಕುಡಿತ ಎಷ್ಟು ಕಡಮೆಯಾಯಿತೆಂಬುದು ಬೇರೆ ಪ್ರಶ್ನೆ. ಸ್ವಾತಂತ್ರ್ಯಾನಂತರ ಸಂವಿಧಾನದ ೪೭ನೆಯ ಅನುಚ್ಛೇದವು ಪಾನನಿಷೇಧವನ್ನು ರಾಜ್ಯದ ಗುರಿಗಳಲ್ಲಿ ಒಂದಾಗಿ ಸೇರಿಸಿತು. ಮೈಸೂರು ರಾಜ್ಯದಲ್ಲಿ ಪಾನನಿಷೇಧ ಜಾರಿಯಲ್ಲಿದ್ದು ೧೯೬೭ರಲ್ಲಿ ತೆರವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ಕುಹಕದಿಂದ ಹೇಳುತ್ತಿಲ್ಲ. ೧೯೩೯ರಲ್ಲಿ ಪರರ ಬೊಕ್ಕಸವಾಗಿದ್ದುದು ೧೯೬೭ರಲ್ಲಿ ನಮ್ಮ ಬೊಕ್ಕಸವಾಗಿತ್ತು. ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹಣ ಬೇಕಾಗಿತ್ತು. ಆದರೆ ಅದೇ ದಶಕದಲ್ಲಿ, ೧೯೬೩ರ ಪೊಲೀಸ್ ಅಧಿನಿಯಮದ ಮೂಲಕ, ಜೂಜಿನ ಮನೆಗಳೂ ಬೀದಿಯ ಜೂಜೂ ದಂಡನಾರ್ಹವೆಂಬ ಕಟ್ಟಳೆ ಗಟ್ಟಿಯಾಯಿತು. ಕೌಟಿಲ್ಯನು ಜೊತೆಯಾಗಿ ನಿಲ್ಲಿಸಿದ್ದ ಇಬ್ಬರು ಅಧ್ಯಕ್ಷರಲ್ಲಿ ಸುರಾಧ್ಯಕ್ಷನು ಅಬಕಾರಿ ಇಲಾಖೆಯಾಗಿ ಉಳಿದನು. ದ್ಯೂತಾಧ್ಯಕ್ಷನ ಸ್ಥಾನಕ್ಕೆ ಪೊಲೀಸಿನವನು ಬಂದನು. ಕುಡಿತಕ್ಕೆ ಪರವಾನಗಿ, ಆಟಕ್ಕೆ ದಂಡ! ಅಂದರ್-ಬಾಹರ್ ಆಡುತ್ತಿದ್ದವರನ್ನು ತೋಟದಲ್ಲಿ ಹಿಡಿದು, ಪಣಕ್ಕಿಟ್ಟ ಹಣವನ್ನು ವಶಪಡಿಸಿಕೊಂಡ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿರುತ್ತದೆ. ಅಲ್ಲಿಯೇ ಉರುಳಿದ್ದ ಬಾಟಲಿಗಳ ಮಾತು ಅದರಲ್ಲಿ ಇರುವುದಿಲ್ಲ, ಏಕೆಂದರೆ ಸುಂಕ ತೆತ್ತು ಕೊಂಡ ಬಾಟಲಿ ಅಪರಾಧವಲ್ಲ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೬೭ರ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿದ್ದರಿಂದ ಪಟ್ಟಣದ ಕ್ಲಬ್ಬುಗಳಿಗೆ ಒಂದು ಆಶ್ರಯ ದೊರೆಯಿತು. ತೋಟದ ಗುಂಪಿಗೆ ಅಂತಹ ಆಶ್ರಯವಿಲ್ಲ.

ಇದರಲ್ಲಿ ಹೆಚ್ಚು ನಷ್ಟಪಟ್ಟವರು ಯಾರು? ಹೆಂಗಸರೆಂಬುದು ನಮ್ಮ ಅಭಿಪ್ರಾಯ. ಮಣೆಯಾಟ ಒಂದೇ ಅವರು ಗಂಡಸರ ಸರಿಸಮವಾಗಿ ಕೂತು, ಗೆದ್ದು, ನಕ್ಕು, ಮಾವನ ಕಾಯನ್ನು ಸೊಸೆಯು ಹೊಡೆಯಬಹುದಾಗಿದ್ದ ಜಾಗ. ಆಟವೇ ದುಶ್ಚಟವೆನಿಸಿದ ಮೇಲೆ ಗಂಡಸರು ಇಸ್ಪೀಟಿನ ಕಟ್ಟನ್ನು ಎತ್ತಿಕೊಂಡು ತೋಟದ ಪಂಪುಮನೆಗೆ ಹೋದರು. ಅಳಗುಳಿಮಣೆ ಅಟ್ಟ ಸೇರಿತು. ಆಟ ಮನೆಯಿಂದ ಹೊರಗೆ ಹೋದಾಗ ಪಾನ ಅದಕ್ಕೆ ಸುಲಭವಾಗಿ ಜೊತೆಯಾಯಿತು. ಕೊಬ್ಬರಿ ಮಾರಿದ ದಿನ ಪೇಟೆಯಲ್ಲೇ ಹಣ ಕೈಗೆ ಬರುತ್ತದೆ, ವರ್ಷದ ದುಡಿಮೆಯ ಹಣ. ತಿಂಗಳ ಸಂಬಳದವನು ಒಂದು ರಾತ್ರಿಯಲ್ಲಿ ಕಳೆಯುವುದು ಒಂದು ತಿಂಗಳನ್ನು. ತೆಂಗಿನ ಒಡೆಯನು ಕಳೆಯುವುದು ಒಂದು ವರ್ಷವನ್ನು. ಈ ಸೀಮೆಯಲ್ಲಿ ಹೆಣ್ಣು ಕೊಡುವವರು ಹುಡುಗ ಕುಡಿಯುವನೇ ಎಂದು ವಿಚಾರಿಸುವಂತೆ ಇಸ್ಪೀಟಾಡುವನೇ ಎಂದೂ ವಿಚಾರಿಸುವುದುಂಟು. ಎರಡನೆಯ ಪ್ರಶ್ನೆಯನ್ನೇ ಹೆಚ್ಚು ಒತ್ತಿ ಕೇಳುವವರಿದ್ದಾರೆ. ಕುಡುಕನ ತೋಟ ಬಾಡುತ್ತದೆ, ಇಸ್ಪೀಟಿನವನ ತೋಟ ಕೈಬಿಡುತ್ತದೆ ಎಂಬ ಲೆಕ್ಕ ಅವರದು. ಸುಧಾರಕರನ್ನು ಹೆಂಗಸರು ಬೆಂಬಲಿಸಿದ್ದಕ್ಕೆ ಈ ಅನುಭವವೇ ಕಾರಣ. ೨೦೧೯ರ ಜನವರಿಯಲ್ಲಿ ಮದ್ಯನಿಷೇಧವನ್ನು ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಮಹಿಳೆಯರ ಮಾತಿನಲ್ಲಿಯೂ ಇದೇ ದನಿಯಿತ್ತು. ಆದ್ದರಿಂದ ಎರಡನೆಯ ತಲೆಮಾರಿನ ಸುಧಾರಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರು ಹೆಂಡದೊಡನೆ ಮಣೆಯನ್ನೂ ಎಸೆದದ್ದು ಮಾತ್ರ ಅನವಶ್ಯವಾಗಿತ್ತು.

ಈ ಶತಮಾನದ ಆರಂಭದಲ್ಲಿ ತೆಂಗಿನ ಮರವೂ ಈ ವಾದಕ್ಕೆ ಸಿಕ್ಕಿತು. ನುಸಿರೋಗದಿಂದ ಫಸಲು ಕುಸಿದಾಗ ರೈತರು ನೀರಾ ಇಳಿಸುವ ಹಕ್ಕನ್ನು ಕೇಳಿದರು. ಸೂರ್ಯೋದಯಕ್ಕೆ ಮುನ್ನ, ಸುಣ್ಣ ಬಳಿದ ಮಡಕೆಯಲ್ಲಿ ಇಳಿಸಿದರೆ ನೀರಾ ಸಿಹಿಯ ಪಾನೀಯ. ಬಿಸಿಲೇರಿ ಹುಳಿತರೆ ಹೆಂಡ. ಗಾಂಧೀಜಿಯವರು ಮೆಚ್ಚಿದ್ದ ಈ ಪಾನೀಯವನ್ನು ಅಬಕಾರಿ ಕಾನೂನು ಸಂದೇಹದಿಂದಲೇ ನೋಡಿತು. ೨೦೦೧ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ಕಾಲಕ್ಕೆ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ಮರವನ್ನೇ ದೋಷಿಯೆಂದು ಬಗೆಯುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಇದು ದುಃಖಕರ ನಿದರ್ಶನ. ೨೦೦೪ರ ಸುಮಾರಿಗೆ ಕರಾವಳಿಯ ಜಿಲ್ಲೆಗಳನ್ನುಳಿದು ರಾಜ್ಯದಲ್ಲಿ ಹೆಂಡದ ಮಾರಾಟ ನಿಂತಿತು. ೨೦೦೭ರಲ್ಲಿ ಲಾಟರಿಯೂ, ಅದೇ ವರ್ಷದ ಜುಲೈ ೧ರಿಂದ ಸಾರಾಯವೂ ನಿಷಿದ್ಧವಾದವು. ಬಡವರ ಕುಡಿತವೂ ಬಡವರ ಜೂಜೂ ಒಂದೇ ವರ್ಷದಲ್ಲಿ ಬಾಗಿಲು ಮುಚ್ಚಿದುದು ಗಮನಾರ್ಹ. ಬಾಟಲಿಯ ಮದ್ಯ ಮಾತ್ರ ಬೆಳೆಯಿತು. ೨೦೨೫-೨೬ರ ಆಯವ್ಯಯದಲ್ಲಿ ಅಬಕಾರಿ ಆದಾಯದ ಗುರಿ ೪೦,೦೦೦ ಕೋಟಿ ರೂಪಾಯಿ.

ಮೂರನೆಯ ತಲೆಮಾರಿನ ಗೆರೆ ಇನ್ನೂ ಒಣಗಿಲ್ಲ. ಅದನ್ನು ಕುರಿತು ದೃಢವಾಗಿ ಹೇಳುವುದು ಇತಿಹಾಸಕಾರನ ಕೆಲಸವಲ್ಲ. ಕಂಡಷ್ಟನ್ನು ಹೇಳಬಹುದು. ತಿಪಟೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಯುವಕ ಯುವತಿಯರು ಅಲ್ಲಿ ಮೇಜಿನ ಮೇಲೆ ಹಲಗೆಯಾಟಗಳನ್ನು ಆಡುವುದಕ್ಕೆಂದೇ ಇರುವ ಕಾಫಿ ಅಂಗಡಿಗಳಿಗೆ ಹೋಗುತ್ತಾರೆ. ಬಿಯರಿನ ಲೋಟದ ಪಕ್ಕದಲ್ಲಿ ಪಣವಿಲ್ಲದ ಆಟವನ್ನು ಆಡುವುದರಲ್ಲಿ ಅವರಿಗೆ ಸಂಕೋಚವಿಲ್ಲ. ಅವರ ಅಜ್ಜನಿಗೆ ಇದು ತೀರ ವಿಚಿತ್ರವಾಗಿ ತೋರುತ್ತದೆ: ಪಾನವುಂಟು, ಪಣವಿಲ್ಲ, ಹೆಂಗಸರೂ ಉಂಟು, ಆದರೆ ಮನೆಯಲ್ಲ. ತಂದೆಗೆ ಇದು ಎರಡು ದುಶ್ಚಟಗಳ ಒಂದು ಮೇಜು. ಇತ್ತ ಊರಿನಲ್ಲಿ ಉಳಿದವರ ಪಣ ಕೈಫೋನಿಗೆ ಏರಿತು. ಒಬ್ಬನೇ ಕೂತು, ಎದುರಾಳಿಯ ಮುಖವನ್ನೇ ಕಾಣದೆ ಆಡುವ ರಮ್ಮಿಗೆ ಜಗಲಿಯೂ ಬೇಡ, ತೋಪೂ ಬೇಡ, ತೊಡಕಿನ ದಿನವೂ ಬೇಡ. ಹಣವಿಟ್ಟು ಆಡುವ ಇಂತಹ ಆಟಗಳನ್ನು ರಾಜ್ಯವು ೨೦೨೧ರಲ್ಲಿ ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಕಾನೂನು ಮಾಡಿತು. ಹಳೆಯ ಎರಡು ಗೆರೆಗಳಲ್ಲಿ ಯಾವುದೂ ಈ ಆಟವನ್ನು ತಡೆಯಲಾರದು. ಸ್ಥಳವಿಲ್ಲದ ಆಟಕ್ಕೆ ಸ್ಥಳದ ನಿಯಮ ಹೊಂದದು. ಕೈಯಲ್ಲಿರುವ ವಸ್ತುವೋ ಪಾಠಕ್ಕೂ ಬೇಕು, ಬ್ಯಾಂಕಿಗೂ ಬೇಕು.

ಮಣೆಗೆ ಪಟ್ಟಣದಲ್ಲಿ ಈಗ ಮರ್ಯಾದೆ ಮರಳುತ್ತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲಾದುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಹಾಸುಗಳನ್ನೂ ಮಣೆಗಳನ್ನೂ ಜನರ ಮುಂದಿಟ್ಟಿದ್ದಾರೆ. ಇದು ಸಂತೋಷದ ವಿಷಯ. ಆದರೆ ಅರಮನೆಯ ಆಟಕ್ಕೆ ಗ್ರಂಥವಿದೆ, ಜಗಲಿಯ ಆಟಕ್ಕೆ ಇಲ್ಲ.

ಈ ಸೀಮೆಯ ಮಟ್ಟಿಗೆ ಉಳಿದಿರುವ ಆಧಾರಗಳು ಮೂರು ಕಡೆ ಹಂಚಿಹೋಗಿವೆ. ಅಬಕಾರಿ ಹರಾಜಿನ ಕಡತಗಳನ್ನು ತಾಲ್ಲೂಕು ಕಚೇರಿಗಳಲ್ಲಿಯೂ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕು. ಯಾವ ಊರಿಗೆ ಎಷ್ಟು ಅಂಗಡಿ, ಯಾವ ಈಚಲ ವನ ಯಾರ ಗುತ್ತಿಗೆ ಎಂಬುದು ಅವುಗಳಿಂದ ತಿಳಿಯಬಲ್ಲದು. ಜೂಜಿನ ಮೊಕದ್ದಮೆಗಳ ದಾಖಲೆ ನ್ಯಾಯಾಲಯಗಳಲ್ಲಿದೆ. ಬಂಧನದ ತಾರೀಖುಗಳನ್ನು ಪಂಚಾಂಗದೊಡನೆ ಹೋಲಿಸಿದರೆ ತೊಡಕಿನ ದಿನದಂದು ಪೊಲೀಸರು ಕಣ್ಣು ಮುಚ್ಚುತ್ತಿದ್ದರೆಂಬ ಜನರ ಮಾತನ್ನು ಪರೀಕ್ಷಿಸಬಹುದು. ಯುಗಾದಿಗೆ ಮುನ್ನವೇ ಜೂಜಿನ ವಿರುದ್ಧ ಪೊಲೀಸರು ಎಚ್ಚರಿಕೆ ಹೊರಡಿಸುವುದು ಈಚಿನ ವರ್ಷಗಳ ಪದ್ಧತಿ. ಮೂರನೆಯದು ಎಲ್ಲಕ್ಕಿಂತ ಬೇಗ ನಾಶವಾಗುತ್ತಿರುವಂಥದು: ಹಳೆಯ ಮನೆಗಳ ಜಗಲಿಯಲ್ಲಿ, ಗುಡಿಗಳ ಮುಂದಿನ ಹಾಸುಗಲ್ಲುಗಳಲ್ಲಿ, ಕೆರೆಯೇರಿಯ ಬಂಡೆಗಳಲ್ಲಿ ಕೊರೆದಿರಬಹುದಾದ ಚೌಕ, ಗುಳಿ, ಹುಲಿ-ಕುರಿಯ ಗೆರೆಗಳು. ಜೀರ್ಣೋದ್ಧಾರದ ಹೆಸರಿನಲ್ಲಿ ಹಾಸುಗಲ್ಲುಗಳನ್ನು ಕಿತ್ತು ನುಣುಪಾದ ಗ್ರಾನೈಟು ಹಾಸುತ್ತಿರುವುದರಿಂದ ಅವುಗಳನ್ನು ಹುಡುಕಿ ನಕಲು ತೆಗೆಯುವ ಕೆಲಸ ತಡವಾಗಬಾರದು. ಈ ಮೂರು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ತಮ್ಮ ತಮ್ಮ ಊರಿನ ಕಲ್ಲುಗಳನ್ನು ಅಳೆದು, ಮನೆಗಳನ್ನು ಎಣಿಸಿ, ಕಲ್ಲು ಜಗಲಿಯಲ್ಲಿದೆಯೋ ಗುಡಿಯಲ್ಲಿದೆಯೋ ಊರ ಹೊರಗಿದೆಯೋ ಎಂಬುದನ್ನು ತಪ್ಪದೆ ಗುರುತುಹಾಕಿಕೊಂಡು ಬಂದರೆ, ಮೇಲೆ ಹೇಳಿದ ಸ್ಥಳದ ಗೆರೆ ನಿಜವಾಗಿ ಎಲ್ಲಿತ್ತೆಂಬುದನ್ನು ನಕ್ಷೆಯ ಮೇಲೆ ತೋರಿಸುವುದು ಸಾಧ್ಯವಾದೀತು.